ಆಡಿಟ್ ಲಾಗ್‌ನಿಂದ ಒಬ್ಬ ಯೂಸರ್‌ನನ್ನು ಬಿಡುವ ಮುಂಚೆ

ಕೋಲಾರದ ಹತ್ತಿರ ನರಸಾಪುರದಲ್ಲಿ ಒಂದು ಕಾರ್ಖಾನೆಯ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಯಾರು ಯಾವ ಕಮಾಂಡ್ ಓಡಿಸಿದರು ಅನ್ನೋದು ಆಡಿಟ್‌ಡಿಯಲ್ಲಿ (ಸರ್ವರ್‌ನಲ್ಲಿ ನಡೆದದ್ದನ್ನು ಲಾಗ್‌ಗೆ ಬರೆಯೋ ಪ್ರೋಗ್ರಾಂ) ದಾಖಲಾಗಲೇಬೇಕು. ಆದರೆ ಮಾನಿಟರಿಂಗ್‌ಗೆ ಅಂತ ಇಟ್ಟ ಯೂಸರ್ ಒಂದಿದೆ. ಅದು ಆಗಾಗ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಲಾಗಿನ್ ಆಗೋ ದಾರಿ) ಬಂದು ಡಿಸ್ಕ್ ಜಾಗ ತೋರಿಸೋ ಡಿಎಫ್, ಓಡುತ್ತಿರೋ ಪ್ರೊಸೆಸ್ ತೋರಿಸೋ ಪಿಎಸ್ ಓಡಿಸಿ ಹೋಗುತ್ತೆ. ಲಾಗ್ ತುಂಬಾ ಅದರದ್ದೇ ಸದ್ದು, ಇಂಜಿನಿಯರ್‌ಗಳು ಮಾಡಿದ್ದನ್ನು ಹುಡುಕೋಕೆ ಹೋದರೆ ಸಾಕುಸಾಕಾಗುತ್ತೆ.

ಅದನ್ನು ಬಿಡೋಕೆ 'ದಾಖಲಿಸಬೇಡ' ಅನ್ನೋ 'ನೆವರ್,ಎಕ್ಸಿಟ್' ರೂಲ್ ಒಂದು ಸಾಕು. ಲಿನಕ್ಸ್‌ನ ತಿರುಳಾದ ಕರ್ನಲ್ ರೂಲ್‌ಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಬಂದು ಮೊದಲು ತಾಳೆಯಾದ ರೂಲ್‌ಗೇ ನಿಲ್ಲುತ್ತೆ, ಹಾಗಾಗಿ ಇದು 'ದಾಖಲಿಸು' ಅನ್ನೋ 'ಆಲ್ವೇಸ್' ರೂಲ್‌ಗಿಂತ ಮೇಲಿರಬೇಕು. ರೂಲ್ ಫೈಲ್‌ಗಳಿರೋ ರೂಲ್ಸ್.ಡಿ ಫೋಲ್ಡರ್‌ನಲ್ಲಿ ಫೈಲ್ ಹೆಸರಿನ ಮುಂದೆ 10 ಅಂತ ಹಾಕಿದರೆ 30ರ ಫೈಲಿಗಿಂತ ಮೊದಲು ಲೋಡ್ ಆಗುತ್ತೆ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಯಾವ ಐಡಿ ಕೊಡಬೇಕು ಅನ್ನೋದರ ಬಗ್ಗೆ. ಎಯುಐಡಿ ಅಂದರೆ ಲಾಗಿನ್ ಆದಾಗ ಅಂಟಿಕೊಂಡ ನಂಬರ್, ಆಮೇಲೆ ಸುಡೋದಿಂದ ಬೇರೆ ಯೂಸರ್‌ನ ಹಕ್ಕಿನಲ್ಲಿ ಕಮಾಂಡ್ ಓಡಿಸಿದರೂ ಬದಲಾಗಲ್ಲ. ಸುಮ್ನೆ ಎಯುಐಡಿ 1012 (ಮಾನಿಟರಿಂಗ್ ಯೂಸರ್‌ನ ನಂಬರ್) ಬಿಡಿ ಅಂತ ಬರೆದರೆ, ಆ ಅಕೌಂಟ್‌ನ ಕೀ ಯಾರ ಕೈಗಾದರೂ ಸಿಕ್ಕಿ ಅವರು ಎಲ್ಲ ಹಕ್ಕೂ ಇರೋ ರೂಟ್ ಯೂಸರ್ ಆದರೆ ಅಲ್ಲಿಂದ ಮುಂದೆ ಮಾಡಿದ್ದೂ ಲಾಗ್‌ಗೆ ಬರಲ್ಲ. ಇದು ಎಷ್ಟು ದೊಡ್ಡ ತೂತು ಅಲ್ವಾ? ಬರೀ ಯುಐಡಿ (ಈಗ ಯಾವ ಯೂಸರ್ ಆಗಿ ಓಡುತ್ತಿದೆ ಅನ್ನೋ ನಂಬರ್) ಕೊಟ್ಟರೆ ಇನ್ನೊಂದು ಕಡೆ ಬಾಗಿಲು ತೆಗೆದಂತೆ: ಯಾರೋ ಇಂಜಿನಿಯರ್ ತನ್ನ ಹೆಸರಲ್ಲಿ ಲಾಗಿನ್ ಆಗಿ ಸುಡೋದಿಂದ ಆ ಯೂಸರ್ ಆಗಿಬಿಟ್ಟರೆ ಅವರ ಕೆಲಸವೂ ಕಾಣಲ್ಲ.

ನಾನು ಒಂದೇ ರೂಲ್‌ನಲ್ಲಿ ಎರಡೂ ಹಾಕುತ್ತೇನೆ, ಎಯುಐಡಿ 1012 ಮತ್ತು ಇಯುಐಡಿ 1012. ಇಯುಐಡಿ ಅಂದರೆ ಆ ಹೊತ್ತಿಗೆ ಯಾರ ಹಕ್ಕಿನಲ್ಲಿ ಓಡುತ್ತಿದೆ ಅನ್ನೋ ನಂಬರ್. ಒಂದು ರೂಲ್‌ನೊಳಗಿನ ಷರತ್ತುಗಳೆಲ್ಲ ಒಟ್ಟಿಗೆ ನಿಜವಾದರೆ ಮಾತ್ರ ಅದು ತಾಳೆಯಾಗೋದು. ಹೀಗಾಗಿ ಆ ಯೂಸರ್ ತನ್ನ ಮಟ್ಟದಲ್ಲಿ ಓಡಿಸಿದ್ದು ಮಾತ್ರ ಬಿಟ್ಟುಹೋಗುತ್ತೆ. ಸುಡೋ ಅಂದ ತಕ್ಷಣ ಇಯುಐಡಿ ರೂಟ್‌ನ ನಂಬರ್ 0 ಆಗಿ ಲಾಗ್‌ಗೆ ಬೀಳುತ್ತೆ. ಬಿ64ಕ್ಕೆ (64-ಬಿಟ್ ಪ್ರೋಗ್ರಾಂಗಳಿಗೆ) ಬರೆದಿದ್ದನ್ನು ಬಿ32ಕ್ಕೂ (32-ಬಿಟ್‌ನವಕ್ಕೂ) ಬರೆಯಬೇಕು.

ಮಾನಿಟರಿಂಗ್ ಏಜೆಂಟ್ ಸಿಸ್ಟಮ್‌ಡಿ ಸರ್ವಿಸ್ ಆಗಿ (ಸಿಸ್ಟಮ್ ತಾನೇ ಶುರುಮಾಡಿ) ಓಡುತ್ತಿದ್ದರೆ ಈ ರೂಲ್ ತಾಳೆಯಾಗಲ್ಲ. ಅದು ಲಾಗಿನ್ನೇ ಆಗಿರಲ್ಲ, ಎಯುಐಡಿ 4294967295, ಅಂದರೆ 'ಲಾಗಿನ್ ಇಲ್ಲ' ಅಂತಿರುತ್ತೆ. ಪ್ರೊಸೆಸ್‌ನ ಲಾಗಿನ್‌ಯುಐಡಿ ಫೈಲ್ ತೆಗೆದು ನೋಡಿದರೆ ಗೊತ್ತಾಗುತ್ತೆ.

ರೂಲ್ ಲೋಡ್ ಮಾಡಿದ ಮೇಲೆ ಆ ಯೂಸರ್ ಆಗಿ ಲಾಗಿನ್ ಆಗಿ ಒಮ್ಮೆ ಎಲ್‌ಎಸ್, ಒಮ್ಮೆ ಸುಡೋ ಎಲ್‌ಎಸ್ ಓಡಿಸಿ, ಆಮೇಲೆ ಆಡಿಟ್ ಲಾಗ್ ಹುಡುಕೋ ಕಮಾಂಡ್ ಎಯುಸರ್ಚ್‌ನಲ್ಲಿ ಹುಡುಕಿ. ಎರಡನೆಯದು ಮಾತ್ರ ಸಿಗಬೇಕು. ಕೊನೆಯಲ್ಲಿ ರೂಲ್‌ಗಳಿಗೆ ಬೀಗ ಹಾಕೋ '-ಇ 2' ಸಾಲು ಹಾಕೋದು ಇದಾದ ಮೇಲೇ. ಅದು ಬಿದ್ದಮೇಲೆ ರೀಬೂಟ್ ಮಾಡದೆ ಒಂದು ರೂಲ್ ಕೂಡ ಬದಲಾಯಿಸೋಕೆ ಆಗಲ್ಲ, ಮೂರು ಶಿಫ್ಟ್ ನಡೆಯೋ ಕಡೆ ರೀಬೂಟ್‌ಗೆ ಹೊತ್ತು ಸಿಗೋದೂ ಕಷ್ಟ.