ಬಲಗೈ ಹುಡುಕುತ್ತಿದ್ದ ಬಾಯಮ್ಮ

ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಾನು ಮುಂಬೈನ ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಗುಡ್ಡ ಹತ್ತಿರಲಿಲ್ಲ. ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬ ಕಳೆದ ಮೇಲೆ ಬರುವ ಭಾನುವಾರ ಅಲ್ಲಿ ಒಂದು ವಾರದ ಜಾತ್ರೆ ಶುರುವಾಗುತ್ತದೆ. ಕಳೆದ ವರ್ಷ ಆ ಭಾನುವಾರವೇ ಹೊರಟೆ. ದಾದರ್‌ನಲ್ಲಿ ಗಾಡಿ ಬದಲಿಸಿ ಬಾಂದ್ರಾದಲ್ಲಿ ಇಳಿದದ್ದಷ್ಟೇ ಸಲೀಸು. ಚರ್ಚಿನ ಬಾಗಿಲಿಗೇ ಬಿಡುತ್ತೇನೆಂದು ಹಣ ಮೊದಲೇ ತೆಗೆದುಕೊಂಡ ಆಟೋದವನು ಅರ್ಧ ದಾರಿಯಲ್ಲಿ ಇಳಿಸಿ ಹೋದ. ಮುಂದೆ ರಸ್ತೆ ಬಂದ್ ಆಗಿರುವುದು ಅವನಿಗೆ ಗೊತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಹೋಗುವವರು ನಿಲ್ದಾಣದ ಪಶ್ಚಿಮಕ್ಕೆ ಬಂದು ನಗರ ಸಾರಿಗೆಯ ಬೆಸ್ಟ್ ಬಸ್ಸನ್ನೇ ಹಿಡಿಯಿರಿ. ಜಾತ್ರೆಗೆಂದು ಹೆಚ್ಚುವರಿ ಬಸ್ಸುಗಳನ್ನು ಬಿಡುತ್ತಾರೆ.

ಏರು ದಾರಿಯ ಎರಡೂ ಬದಿಯಲ್ಲಿ ಮೇಣದ ಅಂಗಡಿಗಳು. ಮೇಣದ ಕೈ, ಮೇಣದ ಕಾಲು, ತೊಟ್ಟಿಲ ಮಗು, ಹೆಂಚಿನ ಮನೆ. ಯಾವುದು ವಾಸಿಯಾಗಬೇಕೋ, ಯಾವುದು ದಕ್ಕಬೇಕೋ ಅದರ ರೂಪವನ್ನು ಕೊಂಡು ಮಾತೆಗೆ ಒಪ್ಪಿಸುವುದು ಇಲ್ಲಿನ ಹರಕೆ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದನ್ನು ನೋಡಿ ಬೆಳೆದ ನನಗೆ ಇದು ಹೊಸತೆನಿಸಲಿಲ್ಲ.

ಒಂದು ಅಂಗಡಿಯ ಮುಂದೆ ವಯಸ್ಸಾದ ಹೆಂಗಸೊಬ್ಬರು ಮೇಣದ ಕೈಗಳ ರಾಶಿಯನ್ನು ಕೆದಕುತ್ತಿದ್ದರು. ಒಂದೊಂದನ್ನೇ ಎತ್ತಿ, ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಿ, ಕೆಳಗಿಡುತ್ತಿದ್ದರು. "ಯಾವುದಾದರೇನು, ಕೈ ಕೈಯೇ" ಎಂದು ಅಂಗಡಿಯವನು ಹಿಂದಿಯಲ್ಲಿ ಅವಸರಿಸಿದ. "ಬಲಗೈಯೇ ಬೇಕು" ಎಂದು ಅವರು ಹೇಳಿದ ಹಿಂದಿಯ ರಾಗದಲ್ಲೇ ನನಗೆ ಊರು ಕೇಳಿಸಿತು.

"ಬಾಯಮ್ಮಾ, ನೀವು ನಮ್ಮ ಊರಿನ ಕಡೆಯವರೇ?"

ಅವರು ತಿರುಗಿ ನೋಡಿದರು. "ಫರಂಗಿಪೇಟೆ. ನಿನ್ನದು ಯಾವೂರು ಮಗಳೇ?"

"ಬಂಟ್ವಾಳ."

ಅಂಗಡಿಯವನನ್ನು ಅಷ್ಟಕ್ಕೇ ಬಿಟ್ಟು ನಾವಿಬ್ಬರೂ ಪಕ್ಕದ ಕಟ್ಟೆಯ ಮೇಲೆ ಕುಳಿತೆವು. ಮೂವತ್ತು ವರ್ಷ ಹೊಲಿಗೆಯಂಗಡಿಗಳಿಗೆ ಗುಂಡಿ, ಕಾಜ ಮಾಡಿಕೊಟ್ಟ ಕೈ ಅವರದು. ಮಳೆಗಾಲದಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿದೆ, ಬೆರಳು ಮಡಚುವುದಿಲ್ಲ. "ಜಪಮಣಿಯನ್ನು ಎಡಗೈಯಲ್ಲಿ ಎಣಿಸುತ್ತಿದ್ದೇನೆ. ಲೆಕ್ಕ ತಪ್ಪುತ್ತದೆ" ಎಂದರು. ಆಮೇಲೆ ಗುಡ್ಡದ ಕಡೆ ಮುಖ ಮಾಡಿ, "ಆ ಮಾತೆಯ ಬಲಗೈಯನ್ನೂ ಕಡಿದಿದ್ದರು, ಗೊತ್ತಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅವರೇ ಕಥೆ ಹೇಳಿದರು. ಹದಿನಾರನೆಯ ಶತಮಾನದಲ್ಲಿ ಜೆಸ್ವಿತ್ ಪಾದ್ರಿಗಳು ಪ್ರತಿಮೆಯನ್ನು ತಂದು ಈ ಗುಡ್ಡದ ಮೇಲೆ ಸಣ್ಣ ಪ್ರಾರ್ಥನಾಲಯ ಕಟ್ಟಿದರು. 1700ರಲ್ಲಿ ಅರಬ್ ಕಡಲ್ಗಳ್ಳರು ನುಗ್ಗಿ, ಮಾತೆ ಹಿಡಿದಿದ್ದ ಹೊನ್ನಿನ ಲೇಪದ ವಸ್ತುವಿನ ಆಸೆಗೆ ಬಲಗೈಯನ್ನೇ ಕತ್ತರಿಸಿದರು. 1760ರಲ್ಲಿ ಗುಡಿ ಮತ್ತೆ ಎದ್ದಾಗ ಅಲ್ಲಿ ನಿಲ್ಲಿಸಿದ್ದು ಕೆಳಗಿನ ಸಂತ ಆಂದ್ರೆಯರ ಚರ್ಚಿನಲ್ಲಿದ್ದ ನಾವಿಕರ ಮಾತೆಯ ಪ್ರತಿಮೆಯನ್ನು. ಅದು ಕಡಲಲ್ಲಿ ಸಿಗುತ್ತದೆಂದು ಕೋಳಿ ಸಮುದಾಯದ ಬೆಸ್ತನೊಬ್ಬನಿಗೆ ಕನಸು ಬಿದ್ದಿತ್ತಂತೆ, ಹಾಗೆಯೇ ಸಿಕ್ಕಿತಂತೆ. ಈ ಭಾಗ ಹೇಳುವಾಗ ಬಾಯಮ್ಮ "ಅಂತೆ" ಎನ್ನಲಿಲ್ಲ. ಅದು ನಾನು ಸೇರಿಸಿದ್ದು.

ಆ ಬೆಸ್ತರು ಈಕೆಯನ್ನು ಕರೆಯುವುದು ಮೋತ್ ಮಾವುಲಿ ಎಂದು. ಮಾವುಲಿ ಎಂದರೆ ತಾಯಿ. 'ಮೌಂಟ್' ಅವರ ಬಾಯಲ್ಲಿ ಮೋತ್ ಆಗಿದೆ. ಬಾಯಮ್ಮ ಅದನ್ನು ಹೇಳುತ್ತಿದ್ದಂತೆ ನನಗೆ ನಮ್ಮ ಊರಿನ ಕ್ರೈಸ್ತರ ಮೊಂತಿ ಹಬ್ಬ, ಅಂದರೆ ಇದೇ ಮರಿಯಮ್ಮನ ಹುಟ್ಟುಹಬ್ಬ, ನೆನಪಾಯಿತು. ಒಂಬತ್ತು ದಿನ ಪಕ್ಕದ ಮನೆಯ ಮಕ್ಕಳು ನಮ್ಮ ಅಂಗಳದ ಗೋರಟೆ, ದಾಸವಾಳ ಕೊಯ್ದು ಬುಟ್ಟಿ ತುಂಬಿಸಿಕೊಳ್ಳುತ್ತಿದ್ದರು. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತಿತ್ತು. ಅಂದು ಅವರ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಹೊಸ ಅಕ್ಕಿಯ ಊಟ. ಆ 'ಮೊಂತಿ'ಯೂ ಬೆಟ್ಟವೇ, ಪೋರ್ಚುಗೀಸಿನ 'ಮೊಂತೆ'. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಜೋಕಿಂ ಮಿರಾಂಡಾ ಪಾದ್ರಿ ಈ ಹಬ್ಬ ಆರಂಭಿಸಿದರೆಂದು ಹೇಳುತ್ತಾರೆ. ಪರದೇಶದ ಒಂದು ಮಾತು ಇಲ್ಲಿ ಮೀನುಗಾರರ ಮನೆ ಸೇರಿತು, ಅಲ್ಲಿ ಭತ್ತದ ಗದ್ದೆಗೆ ಇಳಿಯಿತು. ಬಾಲ್ಯವಿಡೀ ಆ ಹೆಸರು ಕೂಗಿದರೂ ಅದರೊಳಗೆ ಬೆಟ್ಟವಿರುವುದು ನನಗೆ ತಿಳಿದಿರಲಿಲ್ಲ. ಹಾಗೆಂದಾಗ ಬಾಯಮ್ಮ ನನ್ನ ತೊಡೆಯ ಮೇಲೆ ತಟ್ಟಿದರು.

ಚರ್ಚಿನ ಈಗಿನ ಕಲ್ಲಿನ ಕಟ್ಟಡ 1904ರದು, ಶಾಪುರ್ಜಿ ಚಂದಾಭಾಯ್ ಅವರ ವಿನ್ಯಾಸ. 1954ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಇದಕ್ಕೆ ಬಸಿಲಿಕ ಎಂಬ ವಿಶೇಷ ಗೌರವದ ಪದವಿ ಕೊಟ್ಟರು. ಕಟ್ಟಡ ಚೆಲುವಾಗಿದೆ, ಸಮುದ್ರದ ಗಾಳಿ ಇನ್ನೂ ಚೆಲುವು. ಜಾತ್ರೆಯ ಪ್ಲಾಸ್ಟಿಕ್ ಆಟಿಕೆ ಮತ್ತು ಧ್ವನಿವರ್ಧಕ ನನಗೆ ಸೇರಲಿಲ್ಲ. ಶುಂಠಿ ಬೆಲ್ಲದ ಖಾಜೆ ಮಾತ್ರ ಬಿಡಬೇಡಿ. ಬಿಸಿ ಇರುವಾಗ ತೂಗಿಸಿಕೊಂಡರೆ ಹಲ್ಲಿಗೆ ಅಂಟುತ್ತದೆ, ಆರಿದ್ದನ್ನು ಕೇಳಿ.

ಕೊನೆಗೆ ಬಲಗೈಯನ್ನು ಹುಡುಕಿಕೊಟ್ಟವಳು ನಾನು, ರಾಶಿಯ ಅಡಿಯಲ್ಲಿತ್ತು. ಬಾಯಮ್ಮ ಅದನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು ಮೇಲಿನವರೆಗೂ ಹಿಡಿದು ಬಂದರು. ಬಿಸಿಲು ಜೋರಾಗಿತ್ತು, ಸರತಿ ಉದ್ದವಿತ್ತು. ಪೀಠದ ಹತ್ತಿರ ಅದನ್ನು ಇಟ್ಟು ಕೈ ತೆಗೆದಾಗ ಮೃದುವಾದ ಮೇಣದ ಅಂಗೈಯಲ್ಲಿ ಅವರ ಹೆಬ್ಬೆರಳಿನ ಗುರುತು ಇಳಿದಿತ್ತು, ಸುಳಿಗಳ ಸಮೇತ.