ನಮ್ಮೂರಿನ ಮಿಡ್‌ಫೀಲ್ಡರ್ ಕಾರ್ಲ್ಟನ್ ಚಾಪ್ಮನ್

ಮ್ಯಾಗಜೀನ್‌ಗೆ ಹಳೇ ಸ್ಟೂಡೆಂಟ್ಸ್ ಏನಾದ್ರೂ ಬರೆದುಕೊಡಿ ಅಂತ ಕೇಳಿದ್ರು, ನಾನು ಕಾರ್ಲ್ಟನ್ ಚಾಪ್ಮನ್ ಬಗ್ಗೆ ಬರೀತಿದೀನಿ. ಅವರೇನು ನಮ್ಮ ಸ್ಕೂಲಲ್ಲಿ ಓದಿದವರಲ್ಲ, ಆದ್ರೆ ತೊಂಬತ್ತರ ದಶಕದಲ್ಲಿ ಇಲ್ಲಿ ಫುಟ್‌ಬಾಲ್ ಟೀಮಲ್ಲಿದ್ದ ನಮಗೆಲ್ಲ ಅವರಷ್ಟು ಹತ್ತಿರದ ಹೀರೋ ಇನ್ನೊಬ್ರಿರ್ಲಿಲ್ಲ. ಬೆಂಗಳೂರಲ್ಲೇ ಹುಟ್ಟಿದವರು, 1971ರಲ್ಲಿ.

ಆಗ ಟೀಮಲ್ಲಿ ಎಲ್ಲರಿಗೂ ಫಾರ್ವರ್ಡ್ ಆಡೋ ಆಸೆ, ಗೋಲ್ ಹೊಡೆದವನ ಹೆಸರು ತಾನೇ ಅಸೆಂಬ್ಲಿಲಿ ಕೂಗೋದು. ನಮ್ಮ ಪಿ.ಟಿ. ಮೇಷ್ಟ್ರು ನನ್ನನ್ನ ಮಿಡ್‌ಫೀಲ್ಡಿಗೆ ಹಾಕಿದಾಗ ನನ್ನ ಮುಖ ನೋಡಿ ಚಾಪ್ಮನ್ ಹೆಸರು ಹೇಳಿದ್ರು, ಇಂಡಿಯಾ ಟೀಮಿನ ಮಿಡ್‌ಫೀಲ್ಡರ್ ನಮ್ಮೂರವನು ಕಣೋ ಅಂತ. ಬಾಲ್ ಕಾಲಿಗೆ ಬರೋಕ್ ಮುಂಚೆನೇ ತಲೆ ತಿರುಗಿಸಿ ಹಿಂದೆ ಯಾರಿದಾರೆ ಅಂತ ನೋಡ್ಕೋಬೇಕು, ಬಂದ್ಮೇಲೆ ನೋಡಿದ್ರೆ ಲೇಟಾಯ್ತು ಅನ್ನೋದು ಮೇಷ್ಟ್ರ ಮೊದಲ ಪಾಠ. ಈಗ್ಲೂ ಟಿವಿಲಿ ಮ್ಯಾಚ್ ಹಾಕಿದ್ರೆ ನನ್ನ ಕಣ್ಣು ಹೋಗೋದು ಮಧ್ಯದಲ್ಲಿರೋರ ಮೇಲೇನೆ.

ಚಾಪ್ಮನ್ ಟಾಟಾ ಫುಟ್‌ಬಾಲ್ ಅಕಾಡೆಮಿಲಿ ಪಳಗಿ 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ್ರು. ಅದೇ ವರ್ಷ ಏಷ್ಯಾದ ಕ್ಲಬ್‌ಗಳು ಆಡೋ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ 6-2ರಲ್ಲಿ ಗೆಲ್ತು, ಅದರಲ್ಲಿ ಚಾಪ್ಮನ್‌ದು ಹ್ಯಾಟ್ರಿಕ್! ಇರಾಕ್ ಕ್ಲಬ್ ಅಂದ್ರೆ ಆಗ ಇಲ್ಲಿನ ಟೀಮ್‌ಗಳು ಮರ್ಯಾದೆಯಾಗಿ ಸೋತ್ರೆ ಸಾಕು ಅನ್ನೋ ಕಾಲ, ಅಂಥದ್ರಲ್ಲಿ ಒಬ್ಬ ಮಿಡ್‌ಫೀಲ್ಡರ್ ಮೂರು ಗೋಲ್ ಹೊಡೀತಾನೆ ಅಂದ್ರೆ ಯೋಚಿಸಿ. ನಾವು ಆ ಮ್ಯಾಚ್ ನೋಡ್ಲಿಲ್ಲ, ಬರೀ ಕೇಳಿದ್ದು, ಆದ್ರೂ ಆ ಮೂರೂ ಗೋಲ್ ಹೆಂಗ್ ಹೋಗಿರ್ಬೇಕು ಅಂತ ಗ್ರೌಂಡಲ್ಲಿ ಒಬ್ಬೊಬ್ರು ಒಂದೊಂದ್ ಥರ ಆಡಿ ತೋರಿಸ್ತಿದ್ವಿ.

ಆಮೇಲೆ ಪಂಜಾಬಿನ ಜೆಸಿಟಿ ಕ್ಲಬ್. ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ, ಚಾಪ್ಮನ್ ಮೂವರೂ ಒಂದೇ ಟೀಮಲ್ಲಿ, 1996-97ರ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದಿದ್ದು ಅವರೇ. ಎಲ್ಲರ ಬಾಯಲ್ಲೂ ವಿಜಯನ್, ಭುಟಿಯಾ ಹೆಸರೇ, ಅದು ಸರಿನೇ, ಇಬ್ರೂ ಗ್ರೇಟ್ ಪ್ಲೇಯರ್ಸ್. ಆದ್ರೆ ಮುಂದಿರೋ ಅವರಿಗೆ ಹಿಂದಿನಿಂದ ಬಾಲ್ ಕೊಡೋರು ಬೇಕಲ್ವಾ, ಆ ಕೆಲಸಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಗ್ಲಿಲ್ಲ ಅಂತ ನನಗೆ ಇವತ್ತಿಗೂ ಅನ್ಸುತ್ತೆ. 1997ರಲ್ಲಿ ಕಠ್ಮಂಡುವಿನಲ್ಲಿ ಇಂಡಿಯಾ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದಾಗ ಕ್ಯಾಪ್ಟನ್ ಚಾಪ್ಮನ್. ನಮ್ಮ ಕ್ಲಾಸಲ್ಲಿ ಇದು ಫುಟ್‌ಬಾಲ್ ಆಡೋ ನಾಲ್ಕು ಜನಕ್ಕೆ ಬಿಟ್ರೆ ಬೇರೆ ಯಾರಿಗೂ ಗೊತ್ತಿರ್ಲಿಲ್ಲ, ಎಲ್ಲರಿಗೂ ಶ್ರೀನಾಥ್, ಕುಂಬ್ಳೆ, ದ್ರಾವಿಡ್.

ಮಧ್ಯದಲ್ಲಿ ಕೇರಳದ ಎಫ್‌ಸಿ ಕೊಚ್ಚಿನ್ ಕ್ಲಬ್‌ಗೆ ಹೋಗಿ ಮತ್ತೆ ಈಸ್ಟ್ ಬೆಂಗಾಲ್‌ಗೆ ವಾಪಸ್ ಬಂದ್ರು, 2000-01ರಲ್ಲಿ ಕ್ಯಾಪ್ಟನ್ ಆಗಿ ಆ ಕ್ಲಬ್ಬಿಗೆ ನ್ಯಾಷನಲ್ ಲೀಗ್ ಗೆದ್ದುಕೊಟ್ಟು 2001ರಲ್ಲಿ ಆಟ ನಿಲ್ಲಿಸಿದ್ರು. ಇದೇ ಕ್ಲಬ್ಬಲ್ಲಿ ಒಂದು ಕಾಲಕ್ಕೆ ಪಂಚಪಾಂಡವರು ಅಂತ ಕರೀತಿದ್ದ ಐವರು ಫಾರ್ವರ್ಡ್‌ಗಳಲ್ಲಿ ಅಹ್ಮದ್ ಖಾನ್ ಕೂಡ ಬೆಂಗಳೂರವರೇ, 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಇಂಡಿಯಾದ ಗೋಲ್ ಹೊಡೆದ ರಾಮನ್ ಕೂಡ ಇಲ್ಲಿಯವರೇ. ಫುಟ್‌ಬಾಲ್ ಅಂದ್ರೆ ಬಂಗಾಳ, ಕೇರಳ, ಗೋವಾ ಅಂತ ಯಾರಾದ್ರೂ ಹೇಳಿದ್ರೆ ನಾನು ಇವರ ಹೆಸರೆಲ್ಲ ಹೇಳ್ದೆ ಬಿಡಲ್ಲ.

ಆಟ ಬಿಟ್ಮೇಲೆ ಕೋಚಿಂಗ್. ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೊನೆಗೆ ಕೋಳಿಕೋಡಿನ ಒಂದು ಕ್ಲಬ್, ಹುಡುಗರನ್ನ ತಯಾರು ಮಾಡೋ ಕೆಲಸದಲ್ಲೇ ಇದ್ರು. 2020ರ ಅಕ್ಟೋಬರ್ 12ರಂದು ಬೆಂಗಳೂರಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಹೋದ್ರು, ಬರೀ 49 ವರ್ಷ. ಕೋವಿಡ್ ಟೈಮು, ನಮ್ಮ ಹಳೇ ಟೀಮಿನವರೆಲ್ಲ ಫೋನಲ್ಲೇ ಮಾತಾಡ್ಕೊಂಡು ಅತ್ವಿ.

ನಮ್ಮ ಸ್ಪೋರ್ಟ್ಸ್ ರೂಮಲ್ಲಿ ಕ್ರಿಕೆಟರ್ಸ್ ಫೋಟೋ ಸಾಕಷ್ಟಿವೆ, ಅವುಗಳ ಪಕ್ಕ ಚಾಪ್ಮನ್‌ದೂ ಒಂದು ಹಾಕ್ಬೇಕು ಅಂತ ಹೆಡ್‌ಮಾಸ್ಟರ್ ಹತ್ರ ಕೇಳಿದೀನಿ, ಫ್ರೇಮ್ ಮಾಡಿಸಿ ತಂದುಕೊಡೋ ಜವಾಬ್ದಾರಿ ನಮ್ಮ ಬ್ಯಾಚಿಂದು.