ತೂಕ ಇಳಿಯುತ್ತಿಲ್ಲ, ಥೈರಾಯ್ಡ್ ಇರಬಹುದೇ?

ನಾನು ಶರೀರಕ್ರಿಯಾಶಾಸ್ತ್ರ ಕಲಿಸುವವಳೆಂದು ಗೊತ್ತಾದೊಡನೆ ಇಪ್ಪತ್ತರ ಆಸುಪಾಸಿನ ಹುಡುಗಿಯರು ಕೇಳುವುದು ಇದನ್ನೇ: ‘ಊಟ ಅರ್ಧಕ್ಕೆ ಇಳಿಸಿದ್ದೇನೆ. ಆದರೂ ತೂಕ ಜಗ್ಗುತ್ತಿಲ್ಲ. ಸದಾ ಚಳಿ, ಸುಸ್ತು. ಥೈರಾಯ್ಡ್ ಕೈಕೊಟ್ಟಿದೆಯೇ?’ ಕೊಟ್ಟಿರಲೂಬಹುದು. ಆದರೆ ಎಷ್ಟೋ ಸಲ ಆ ಅರ್ಧ ಊಟದ ಮೇಲೆಯೇ ನನಗೆ ಅನುಮಾನ.

ಸುಮ್ಮನೆ ಮಲಗಿದ್ದರೂ ಮಿದುಳು, ಹೃದಯ, ಯಕೃತ್ತು, ಮೂತ್ರಪಿಂಡಗಳು ಶಕ್ತಿ ಖರ್ಚು ಮಾಡುತ್ತಲೇ ಇರುತ್ತವೆ. ಇದೇ ಮೂಲ ಚಯಾಪಚಯ. 22 ವರ್ಷದ, 55 ಕಿಲೋ ತೂಕದ, 160 ಸೆಂ.ಮೀ. ಎತ್ತರದ ಯುವತಿಗೆ, ತೂಕ, ಎತ್ತರ, ವಯಸ್ಸುಗಳಿಂದ ಅಂದಾಜಿಸುವ ಮಿಫ್ಲಿನ್ ಸೂತ್ರದ ಲೆಕ್ಕದಲ್ಲಿ, ಇದು ದಿನಕ್ಕೆ ಸುಮಾರು 1,280 ಕಿಲೋಕ್ಯಾಲೊರಿ. ಇದರ ವೇಗಕ್ಕೂ ಥೈರಾಯ್ಡ್‌ಗೂ ಇರುವ ನಂಟನ್ನು ಜರ್ಮನ್ ವೈದ್ಯ ಮಾಗ್ನಸ್-ಲೆವಿ 1895ರಲ್ಲೇ ತೋರಿಸಿದ್ದರು. ರಕ್ತಪರೀಕ್ಷೆಗಳು ಬರುವ ಮುನ್ನ, ರಾತ್ರಿಯಿಡೀ ಉಪವಾಸವಿದ್ದವರನ್ನು ಬೆಳಿಗ್ಗೆ ಅಲುಗಾಡದಂತೆ ಮಲಗಿಸಿ, ಮೂಗಿಗೆ ಕ್ಲಿಪ್ ಹಾಕಿ, ಬಾಯಿಯ ಕೊಳವೆಯಿಂದ ಎಳೆದುಕೊಂಡ ಆಮ್ಲಜನಕವನ್ನು ಅಳೆದು, ಅದರಿಂದ ಶಕ್ತಿಯ ಖರ್ಚನ್ನು ಲೆಕ್ಕಹಾಕಿ ಥೈರಾಯ್ಡ್ ರೋಗವನ್ನು ಅಂದಾಜಿಸುತ್ತಿದ್ದರು. ಗಾಬರಿಯಾದವರ ಲೆಕ್ಕ ತಾನಾಗಿ ಮೇಲೇರುತ್ತಿತ್ತು. ಆ ಪರೀಕ್ಷೆ ಮೂಲೆಗುಂಪಾದದ್ದಕ್ಕೆ ನನಗೇನೂ ಬೇಸರವಿಲ್ಲ.

ಥೈರಾಯ್ಡ್ ಗ್ರಂಥಿ ಹೆಚ್ಚಾಗಿ ಸ್ರವಿಸುವುದು ಟಿ4 ಹಾರ್ಮೋನನ್ನು. ನಿಜವಾಗಿ ಕೆಲಸ ಮಾಡುವ ಟಿ3ಯ ಬಹುಪಾಲು ಯಕೃತ್ತಿನಂಥ ಅಂಗಾಂಶಗಳಲ್ಲಿ ಟಿ4ನಿಂದ ತಯಾರಾಗುತ್ತದೆ. ಊಟ ತೀರಾ ಕಡಿಮೆಯಾದಾಗ ದೇಹ ಈ ಪರಿವರ್ತನೆಗೇ ಕತ್ತರಿ ಹಾಕುತ್ತದೆ: ಟಿ3 ಇಳಿಯುತ್ತದೆ, ನಿಷ್ಕ್ರಿಯವಾದ ರಿವರ್ಸ್ ಟಿ3 ಏರುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಹಾರ್ಮೋನು ಕುಸಿದು ಮಿದುಳಿಗೆ ಬರಗಾಲದ ಸುದ್ದಿ ಮುಟ್ಟುತ್ತದೆ, ಮುಟ್ಟು ತಪ್ಪುತ್ತದೆ. ಇಷ್ಟಾದರೂ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನಾದ ಟಿಎಸ್‌ಎಚ್ ಸಾಮಾನ್ಯ ಮಿತಿಯಲ್ಲೇ ಇರುವುದುಂಟು. ಇಲ್ಲಿ ಗ್ರಂಥಿ ಕೆಟ್ಟಿಲ್ಲ, ದೇಹ ಖರ್ಚು ಬಿಗಿ ಹಿಡಿದಿದೆ ಅಷ್ಟೆ. ಇಂಥವರು ಚಯಾಪಚಯ ಚುರುಕಾಗಲೆಂದು ಥೈರಾಯ್ಡ್ ಮಾತ್ರೆ ನುಂಗಿದರೆ ಕರಗುವುದು ಕೊಬ್ಬೊಂದೇ ಅಲ್ಲ, ಸ್ನಾಯುವೂ ಹೌದು. ಎದೆಬಡಿತದ ತೊಂದರೆ ಬೇರೆ. ಬೇಕಾದದ್ದು ಹೊಟ್ಟೆತುಂಬ ಊಟ. ಈ ಮಾತು ಕೇಳಿದಾಗ ಅವರ ಮುಖದಲ್ಲಿ ಕಾಣುವ ನಿರಾಸೆ ನನಗೆ ರೂಢಿಯಾಗಿದೆ.

ಹಾಗೆಂದು ನಿಜವಾದ ರೋಗವನ್ನು ತಳ್ಳಿಹಾಕುವಂತಿಲ್ಲ. ಟಿಎಸ್‌ಎಚ್ ಏರಿ ಟಿ4 ಇಳಿದಿದ್ದರೆ ಅದು ಗ್ರಂಥಿಯದೇ ಸೋಲು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆರಗುವ ಹಾಶಿಮೊಟೊ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಮಲಬದ್ಧತೆ, ಒಣ ಚರ್ಮ, ವಿಪರೀತ ಮುಟ್ಟಿನ ಸ್ರಾವ ಇದ್ದರೆ ವೈದ್ಯರ ಬಳಿ ಹೋಗಲೇಬೇಕು. ಆಗಲೂ ಈ ರೋಗದಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಈ ರೋಗಕ್ಕೆ ಟಿ4 ಮಾತ್ರೆ ಶುರುವಾದ ಮೇಲೆ ವಾರವಾರವೂ ಪರೀಕ್ಷೆಗೆ ಓಡಬೇಕಿಲ್ಲ. ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಹೊಸ ಮಟ್ಟ ನೆಲೆಗೊಳ್ಳಲು ಹಲವು ವಾರ ಹಿಡಿಯುತ್ತದೆ. ಆದ್ದರಿಂದ ಮುಂದಿನ ಪರೀಕ್ಷೆ ಆರರಿಂದ ಎಂಟು ವಾರಗಳ ನಂತರ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿಬಿಡಿ. ಅದು ಕೆಲವು ಪರೀಕ್ಷಾ ವಿಧಾನಗಳನ್ನು ದಾರಿ ತಪ್ಪಿಸಿ, ಇಲ್ಲದ ಥೈರಾಯ್ಡ್ ತೊಂದರೆಯನ್ನು ರಿಪೋರ್ಟಿನಲ್ಲಿ ತೋರಿಸಬಲ್ಲದು.